ಮೆದುಳಿಗೆ ಪೆಟ್ಟಾದಾಗ ಏರುವ ತೂಕ: ಔಷಧಿ ಏನು ಮಾಡಬಲ್ಲದು?

ಪ್ರಥಮ ಪಿಯುಸಿಯ ಜೀವಶಾಸ್ತ್ರ ಪಠ್ಯದಲ್ಲಿ ಹೈಪೋಥಲಾಮಸ್ ಬಗ್ಗೆ ಇರುವುದು ಕೆಲವೇ ಸಾಲುಗಳು. ದೇಹದ ಉಷ್ಣತೆಯನ್ನು, ತಿನ್ನುವ ಮತ್ತು ಕುಡಿಯುವ ಬಯಕೆಯನ್ನು ನಿಯಂತ್ರಿಸುವ ಕೇಂದ್ರಗಳು ಅಲ್ಲಿವೆ ಎಂದು ಓದುತ್ತೇವೆ, ಅಡಿಗೆರೆ ಎಳೆಯುತ್ತೇವೆ, ಒಂದು ಅಂಕದ ಪ್ರಶ್ನೆ ಬಂದರೆ ಬರೆಯುತ್ತೇವೆ. ಈ ಪಾಠ ಮಾಡುವಾಗಲೆಲ್ಲ ನಾನು ತರಗತಿಯ ಮುಂದೆ ಒಂದು ಪ್ರಶ್ನೆ ಇಡುತ್ತೇನೆ: ತಿನ್ನುವ ಬಯಕೆಯನ್ನು ಹಿಡಿತದಲ್ಲಿಡುವ ಆ ಕೇಂದ್ರವೇ ಹಾಳಾದರೆ ಮನುಷ್ಯನಿಗೆ ಏನಾಗುತ್ತದೆ?

ಈ ಪ್ರಶ್ನೆಗೆ ವೈದ್ಯರು ಕಂಡಿರುವ ಉತ್ತರವಿದೆ. ಮೆದುಳಿನ ಗಡ್ಡೆಗೆ ಶಸ್ತ್ರಚಿಕಿತ್ಸೆ ಆಗಿ ಜೀವ ಉಳಿದ ಮಗು, ಕೆಲವೇ ತಿಂಗಳಲ್ಲಿ ತಡೆಯಿಲ್ಲದೆ ತೂಕ ಏರಿಸಿಕೊಳ್ಳುತ್ತದೆ. ಊಟ ಮುಗಿಸಿದ ಸ್ವಲ್ಪ ಹೊತ್ತಿಗೇ ಮತ್ತೆ ಹಸಿವು ಎನ್ನುತ್ತದೆ. ಊಟ ಕಡಿಮೆ ಮಾಡಿದರೂ ತೂಕ ಇಳಿಯುವುದಿಲ್ಲ. ತಾಯಿಯೇ ಮಗುವನ್ನು ಹಾಳು ಮಾಡುತ್ತಿದ್ದಾಳೆ ಎಂದು ನೆಂಟರು ಮಾತಾಡಿಕೊಳ್ಳುತ್ತಾರೆ. ಶಾಲೆಯಲ್ಲಿ ಅಡ್ಡಹೆಸರು ಬೀಳುತ್ತದೆ. ಇದಕ್ಕೆ ವೈದ್ಯಕೀಯದಲ್ಲಿ ಹೈಪೋಥಲಾಮಿಕ್ ಬೊಜ್ಜು ಎಂದು ಹೆಸರು. ಬಹುಕಾಲ ಇದಕ್ಕೆ ಸರಿಯಾದ ಔಷಧಿಯೇ ಇರಲಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ಪರಿಸ್ಥಿತಿ ಬದಲಾಗುತ್ತಿದೆ. ಹೇಗೆ ಬದಲಾಯಿತು ಎಂಬುದು ನಮ್ಮ ಪಠ್ಯದ ಎರಡು ಅಧ್ಯಾಯಗಳನ್ನು ಜೋಡಿಸುವ ವಿಷಯ. ಅದಕ್ಕೇ ಈ ಲೇಖನ.

ಬಾದಾಮಿಯಷ್ಟು ಜಾಗ, ಮನೆಯಷ್ಟು ಕೆಲಸ

ಹೈಪೋಥಲಾಮಸ್ ಮೆದುಳಿನ ತಳಭಾಗದಲ್ಲಿ, ಪಿಟ್ಯುಟರಿ ಗ್ರಂಥಿಯ ಸರಿಯಾಗಿ ಮೇಲೆ ಇದೆ. ಗಾತ್ರ ಒಂದು ಬಾದಾಮಿಯಷ್ಟು, ತೂಕ ಸುಮಾರು 4 ಗ್ರಾಂ. ಅದರ ಪಕ್ಕದಲ್ಲೇ ಎರಡೂ ಕಣ್ಣುಗಳಿಂದ ಬರುವ ದೃಷ್ಟಿನರಗಳು ಒಂದನ್ನೊಂದು ದಾಟುತ್ತವೆ. ಇಷ್ಟು ಇಕ್ಕಟ್ಟಾದ ಜಾಗದಲ್ಲಿ ಹಸಿವು, ಬಾಯಾರಿಕೆ, ನಿದ್ದೆ, ದೇಹದ ಶಾಖ, ಬೆಳವಣಿಗೆ, ಪ್ರಾಯಕ್ಕೆ ಬರುವುದು ಎಲ್ಲದರ ಉಸ್ತುವಾರಿ ನಡೆಯುತ್ತದೆ. ಹಾಗಾಗಿ ಅಲ್ಲಿ ಕಡಲೆಕಾಳಿನಷ್ಟು ಹಾನಿಯಾದರೂ ಪರಿಣಾಮ ಇಡೀ ದೇಹದ ಮೇಲೆ ಕಾಣುತ್ತದೆ.

ಹಾನಿಗೆ ಮುಖ್ಯ ಕಾರಣ ಕ್ರೇನಿಯೋಫ್ಯಾರಿಂಜಿಯೋಮ ಎಂಬ ಗಡ್ಡೆ. ನಾವು ಭ್ರೂಣವಾಗಿದ್ದಾಗ ಪಿಟ್ಯುಟರಿ ಗ್ರಂಥಿಯ ಮುಂಭಾಗ ರೂಪುಗೊಳ್ಳುವುದು ಬಾಯಿಯ ಮೇಲ್ಛಾವಣಿಯಿಂದ ಮೇಲಕ್ಕೆ ಚಾಚಿಕೊಳ್ಳುವ ಒಂದು ಚೀಲದಿಂದ. ಆ ಚೀಲದ ಕೆಲವು ಜೀವಕೋಶಗಳು ಹಾಗೇ ಉಳಿದುಕೊಂಡು ಮುಂದೆ ಗಡ್ಡೆಯಾಗಿ ಬೆಳೆಯಬಹುದು. ಇದು ಕ್ಯಾನ್ಸರಿನ ಹಾಗೆ ಮೈಯೆಲ್ಲ ಹರಡುವುದಿಲ್ಲ. ಆದರೆ ಬೆಳೆಯುವ ಜಾಗವೇ ಅಪಾಯದ್ದು. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬರುವಷ್ಟು ಅಪರೂಪದ ಕಾಯಿಲೆ ಇದು. ಐದರಿಂದ ಹದಿನಾಲ್ಕು ವರ್ಷದ ಮಕ್ಕಳಲ್ಲಿ ಹಾಗೂ ಐವತ್ತು ದಾಟಿದವರಲ್ಲಿ ಹೆಚ್ಚಾಗಿ ಕಾಣುತ್ತದೆ. ಗಡ್ಡೆಯ ಒತ್ತಡದಿಂದ, ಅದನ್ನು ತೆಗೆಯುವ ಶಸ್ತ್ರಚಿಕಿತ್ಸೆಯಿಂದ ಅಥವಾ ಆಮೇಲಿನ ವಿಕಿರಣ ಚಿಕಿತ್ಸೆಯಿಂದ ಹೈಪೋಥಲಾಮಸ್‌ಗೆ ಪೆಟ್ಟಾಗುತ್ತದೆ. ಚಿಕಿತ್ಸೆ ಪಡೆದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ವಿಪರೀತ ಬೊಜ್ಜು ಬರುತ್ತದೆ. ತೂಕ ಅತಿ ವೇಗವಾಗಿ ಏರುವುದು ಶಸ್ತ್ರಚಿಕಿತ್ಸೆಯ ನಂತರದ ಮೊದಲ ಆರರಿಂದ ಹನ್ನೆರಡು ತಿಂಗಳಲ್ಲಿ.

ಇನ್ನೂ ಕೆಲವು ಕಾರಣಗಳಿವೆ. ಬೇರೆ ಬಗೆಯ ಗಡ್ಡೆಗಳು, ಕ್ಷಯರೋಗವು ಮೆದುಳಿನ ಪೊರೆಗೆ ತಗಲುವುದು, ಮೆದುಳಿನ ಉರಿಯೂತ, ಅಪಘಾತದಲ್ಲಿ ತಲೆಗೆ ಬೀಳುವ ಬಲವಾದ ಪೆಟ್ಟು ಇವೆಲ್ಲ ಈ ಜಾಗವನ್ನು ಹಾಳುಗೆಡವಬಹುದು.

ಇಲಿಗಳಿಂದ ತಿಳಿದದ್ದು

1901ರಲ್ಲಿ ವಿಯೆನ್ನಾದ ಆಲ್ಫ್ರೆಡ್ ಫ್ರೋಲಿಕ್ ಎಂಬ ವೈದ್ಯ ಹದಿನಾಲ್ಕು ವರ್ಷದ ಹುಡುಗನೊಬ್ಬನ ವಿವರ ಪ್ರಕಟಿಸಿದ. ತಲೆನೋವು, ಮಂಜಾಗುತ್ತಿದ್ದ ಕಣ್ಣು, ಏರುತ್ತಿದ್ದ ತೂಕ, ಜೊತೆಗೆ ಪಿಟ್ಯುಟರಿ ಭಾಗದಲ್ಲಿ ಗಡ್ಡೆ. ಬೊಜ್ಜಿಗೆ ಕಾರಣ ಪಿಟ್ಯುಟರಿಯೋ, ಅದರ ಮೇಲಿರುವ ಮೆದುಳೋ ಎಂಬ ಚರ್ಚೆ ನಾಲ್ಕು ದಶಕ ನಡೆಯಿತು. 1940ರಲ್ಲಿ ಅಮೆರಿಕದ ಹೆದರಿಂಗ್ಟನ್ ಮತ್ತು ರ‍್ಯಾನ್ಸನ್ ಇಲಿಗಳ ಪಿಟ್ಯುಟರಿಯನ್ನು ಮುಟ್ಟದೆ ಹೈಪೋಥಲಾಮಸ್‌ನ ಒಂದು ಸಣ್ಣ ಭಾಗವನ್ನು ಮಾತ್ರ ಸುಟ್ಟರು. ಇಲಿಗಳು ವಿಪರೀತ ದಪ್ಪವಾದವು. ಕಾರಣ ಮೆದುಳಿನಲ್ಲಿದೆ ಎಂಬುದು ಅಲ್ಲಿಗೆ ಖಚಿತವಾಯಿತು.

ಮುಂದಿನ ಪ್ರಯೋಗಗಳಲ್ಲಿ ಕಂಡ ಇನ್ನೊಂದು ಸಂಗತಿ ನನ್ನ ಮಟ್ಟಿಗೆ ಈ ವಿಷಯದ ತಿರುಳು. ಹಾನಿಯಾದ ಇಲಿಗೂ ಆರೋಗ್ಯವಂತ ಇಲಿಗೂ ಅಳತೆ ಮಾಡಿ ಒಂದೇ ಪ್ರಮಾಣದ ಆಹಾರ ಕೊಟ್ಟರು. ಆಗಲೂ ಹಾನಿಯಾದ ಇಲಿಯ ಮೈಯಲ್ಲಿ ಹೆಚ್ಚು ಕೊಬ್ಬು ಸೇರಿತು! ಅಂದರೆ ಬೊಜ್ಜಿಗೆ ಅತಿಯಾದ ತಿನ್ನುವಿಕೆಯೊಂದೇ ಕಾರಣವಲ್ಲ. ತಿಂದದ್ದನ್ನು ಖರ್ಚು ಮಾಡಬೇಕೋ ಕೂಡಿಡಬೇಕೋ ಎಂದು ತೀರ್ಮಾನಿಸುವ ವ್ಯವಸ್ಥೆಯೇ ತಪ್ಪಿದೆ.

ಸಂದೇಶ ಸಾಗುವ ದಾರಿ

ಔಷಧಿಯ ಮಾತಿಗೆ ಬರುವ ಮೊದಲು ದೇಹ ತನ್ನ ತೂಕದ ಲೆಕ್ಕವನ್ನು ಹೇಗೆ ಇಡುತ್ತದೆ ಎಂದು ನೋಡೋಣ. ನಮ್ಮ ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಕೊಬ್ಬು ಹೆಚ್ಚಾದಷ್ಟೂ ಲೆಪ್ಟಿನ್ ಹೆಚ್ಚು. ಇದನ್ನು 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಪತ್ತೆ ಮಾಡಿತು. ತೆಳ್ಳಗೆ ಎಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಹೆಸರು ಬಂತು.

ದಾರಿಯನ್ನು ನಾಲ್ಕು ಹೆಜ್ಜೆಗಳಲ್ಲಿ ಬರೆದುಕೊಳ್ಳಿ.

ಒಂದು: ಕೊಬ್ಬಿನ ಕೋಶದಿಂದ ಹೊರಟ ಲೆಪ್ಟಿನ್ ರಕ್ತದ ಮೂಲಕ ಹೈಪೋಥಲಾಮಸ್‌ನ ಆರ್ಕ್ಯುಯೇಟ್ ಎಂಬ ಭಾಗವನ್ನು ತಲುಪುತ್ತದೆ.

ಎರಡು: ಅಲ್ಲಿನ ಕೆಲವು ನರಕೋಶಗಳು ಲೆಪ್ಟಿನ್ನನ್ನು ಗುರುತಿಸಿ ಪಿಒಎಂಸಿ ಎಂಬ ದೊಡ್ಡ ಪ್ರೋಟೀನನ್ನು ತಯಾರಿಸುತ್ತವೆ.

ಮೂರು: ಆ ಪ್ರೋಟೀನ್ ತುಂಡಾಗಿ ಅದರಿಂದ ಆಲ್ಫಾ ಎಂಎಸ್‌ಎಚ್ ಎಂಬ ಚಿಕ್ಕ ಅಣು ಹೊರಬರುತ್ತದೆ.

ನಾಲ್ಕು: ಆ ಅಣು ಮುಂದಿನ ನರಕೋಶಗಳ ಮೇಲಿರುವ ಎಂಸಿ4 ಎಂಬ ಗ್ರಾಹಕಕ್ಕೆ ಬೀಗಕ್ಕೆ ಕೀಲಿಯಂತೆ ಕೂರುತ್ತದೆ. ಆಗ 'ಸಾಕು, ಹೊಟ್ಟೆ ತುಂಬಿದೆ. ಶಕ್ತಿಯನ್ನು ಖರ್ಚು ಮಾಡಬಹುದು' ಎಂಬ ಆದೇಶ ಹೊರಡುತ್ತದೆ.

ಎಂಎಸ್‌ಎಚ್ ಹೆಸರು ನಮ್ಮ ಪಠ್ಯದಲ್ಲೇ ಇದೆ. ಮೆಲನೋಸೈಟ್ ಎಂಬ ಚರ್ಮದ ಕೋಶಗಳನ್ನು ಪ್ರಚೋದಿಸುವ ಹಾರ್ಮೋನ್ ಎಂದು ಓದಿರುತ್ತೀರಿ. ಚರ್ಮದ ಬಣ್ಣಕ್ಕೂ ಹಸಿವಿಗೂ ಒಂದೇ ಅಣು ಕೆಲಸ ಮಾಡುವುದು ವಿಚಿತ್ರ ಅನ್ನಿಸಬಹುದು. ಗ್ರಾಹಕಗಳು ಮಾತ್ರ ಬೇರೆ ಬೇರೆ: ಚರ್ಮದಲ್ಲಿರುವುದು ಎಂಸಿ1, ಮೆದುಳಿನಲ್ಲಿ ಹಸಿವು ನೋಡಿಕೊಳ್ಳುವುದು ಎಂಸಿ4. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಈಗ ದಾರಿ ಎಲ್ಲಿ ತುಂಡಾಗಿದೆ ಎಂಬ ಪ್ರಶ್ನೆ. ಹುಟ್ಟಿನಿಂದಲೇ ಲೆಪ್ಟಿನ್ ತಯಾರಾಗದ ಕೆಲವೇ ಮಕ್ಕಳು ಪ್ರಪಂಚದಲ್ಲಿದ್ದಾರೆ. ಅವರಲ್ಲಿ ಮೊದಲ ಹೆಜ್ಜೆಯೇ ಇಲ್ಲ. 1999ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ಸದಾಫ್ ಫಾರೂಖಿ, ಸ್ಟೀಫನ್ ಒ'ರಾಹಿಲಿ ಮತ್ತು ಸಂಗಡಿಗರು ಅಂಥ ಒಂಬತ್ತು ವರ್ಷದ ಬಾಲಕಿಗೆ ಲೆಪ್ಟಿನ್ ಚುಚ್ಚುಮದ್ದು ಕೊಟ್ಟ ಫಲಿತಾಂಶ ಪ್ರಕಟಿಸಿದರು. ಹಸಿವು ಹಿಡಿತಕ್ಕೆ ಬಂತು, ತೂಕ ಇಳಿಯಿತು. ಹಾಗಾದರೆ ಮೆದುಳಿಗೆ ಪೆಟ್ಟಾದವರಿಗೂ ಲೆಪ್ಟಿನ್ ಕೊಟ್ಟರಾಯಿತಲ್ಲ ಎನ್ನಬಹುದು. ಪ್ರಯೋಜನವಿಲ್ಲ. ಅವರ ರಕ್ತದಲ್ಲಿ ಲೆಪ್ಟಿನ್ ಧಾರಾಳವಾಗಿಯೇ ಇದೆ. ಅದನ್ನು ಓದಬೇಕಾದ ಎರಡನೇ ಹೆಜ್ಜೆಯ ನರಕೋಶಗಳು ಸತ್ತಿವೆ. ಅಂಚೆ ಬರುತ್ತಲೇ ಇದೆ, ಮನೆಯಲ್ಲಿ ಓದುವವರಿಲ್ಲ. ಮೈಯಲ್ಲಿ ಎಷ್ಟೇ ಕೊಬ್ಬಿದ್ದರೂ ಮೆದುಳು ತಾನು ಬರಗಾಲದಲ್ಲಿದ್ದೇನೆ ಎಂದೇ ನಂಬುತ್ತದೆ.

ಹಸಿವಿನ ಜೊತೆಗೆ ಇನ್ನೂ ಮೂರು ತೊಂದರೆ

ಬರಗಾಲ ಎಂದು ನಂಬಿದ ಮೆದುಳು ಕೈಕಟ್ಟಿ ಕೂರುವುದಿಲ್ಲ. ಶಕ್ತಿ ಖರ್ಚು ಮಾಡಿಸುವ ಅನುವೇದನಾ ನರಮಂಡಲವನ್ನು ಮಂದಗೊಳಿಸುತ್ತದೆ. ಹಾಗಾಗಿ ಸುಮ್ಮನೆ ಕುಳಿತಾಗ ಉರಿಯುವ ಕ್ಯಾಲೊರಿಯೂ ಕಡಿಮೆಯಾಗುತ್ತದೆ, ಓಡಾಡುವ ಉತ್ಸಾಹವೂ ಇಳಿಯುತ್ತದೆ. ಎರಡನೆಯದಾಗಿ, ವೇಗಸ್ ನರದ ಮೂಲಕ ಮೇದೋಜೀರಕ ಗ್ರಂಥಿಯನ್ನು ಕೆಣಕಿ ಹೆಚ್ಚು ಇನ್ಸುಲಿನ್ ಸುರಿಸುತ್ತದೆ. ಇನ್ಸುಲಿನ್ ಹೆಚ್ಚಾದರೆ ತಿಂದದ್ದು ಕೊಬ್ಬಾಗಿ ಸೇರುವುದು ಸುಲಭ. ಮೂರನೆಯದಾಗಿ, ನಿದ್ದೆ ಮತ್ತು ಎಚ್ಚರದ ಗಡಿಯಾರ ಕೆಡುತ್ತದೆ, ಹಗಲೆಲ್ಲ ಮಂಪರು. ಸೋಮಾರಿ ಎಂದು ಕರೆಸಿಕೊಳ್ಳುವ ಮಗುವಿನ ಸ್ಥಿತಿ ನಿಜವಾಗಿ ಇದು.

ಇವರಲ್ಲಿ ಅನೇಕರಿಗೆ ಪಿಟ್ಯುಟರಿ ಗ್ರಂಥಿಯೂ ಕೆಟ್ಟಿರುತ್ತದೆ. ಥೈರಾಕ್ಸಿನ್, ಹೈಡ್ರೋಕಾರ್ಟಿಸೋನ್, ಬೆಳವಣಿಗೆಯ ಹಾರ್ಮೋನ್, ಮೂತ್ರವನ್ನು ಹತೋಟಿಯಲ್ಲಿಡುವ ಡೆಸ್ಮೋಪ್ರೆಸಿನ್ ಇವನ್ನು ಹೊರಗಿನಿಂದ ಕೊಡಬೇಕಾಗುತ್ತದೆ. ಚಿಕಿತ್ಸೆಯ ಮೊದಲ ಪಾಠ ಇಲ್ಲೇ ಇದೆ: ಈ ಹಾರ್ಮೋನುಗಳ ಪ್ರಮಾಣ ಸರಿಯಾಗಿರಬೇಕು. ಹೈಡ್ರೋಕಾರ್ಟಿಸೋನ್ ಬೇಕಾದ್ದಕ್ಕಿಂತ ಹೆಚ್ಚಾದರೆ ಅದೇ ತೂಕ ಏರಿಸುತ್ತದೆ, ಕಡಿಮೆಯಾದರೆ ಜೀವಕ್ಕೇ ಅಪಾಯ.

ಪ್ರಯತ್ನಿಸಿ ನೋಡಿದ ಔಷಧಿಗಳು

ಮೇಲಿನ ಒಂದೊಂದು ತೊಂದರೆಗೂ ಒಂದೊಂದು ಔಷಧಿಯನ್ನು ವೈದ್ಯರು ಪ್ರಯತ್ನಿಸಿದ್ದಾರೆ. ಅವುಗಳ ಸೋಲು ಗೆಲುವು ಎರಡೂ ಕಾಯಿಲೆಯನ್ನು ಅರ್ಥ ಮಾಡಿಸುತ್ತವೆ.

ಮೊದಲನೆಯದು ಉತ್ತೇಜಕಗಳು. ಡೆಕ್ಸ್‌ಆಂಫೆಟಮಿನ್‌ನಂಥ ಔಷಧಿ ಕೊಟ್ಟಾಗ ಮಂಪರು ಕಡಿಮೆಯಾಗಿ ಓಡಾಟ ಹೆಚ್ಚಿತು, ತೂಕ ಏರುವ ವೇಗ ತಗ್ಗಿತು ಎಂದು ಚಿಕ್ಕ ಅಧ್ಯಯನಗಳು ಹೇಳಿವೆ. (ಪರೀಕ್ಷೆಯ ಹಿಂದಿನ ರಾತ್ರಿ ಎಚ್ಚರವಿರಲು ಇಂಥ ಮಾತ್ರೆ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ದೂರವಿರಿ. ವೈದ್ಯರ ನಿಗಾ ಇಲ್ಲದೆ ಇವು ಹೃದಯಕ್ಕೂ ಮನಸ್ಸಿಗೂ ಅಪಾಯ, ಚಟವೂ ಹತ್ತುತ್ತದೆ.)

ಎರಡನೆಯದು ಇನ್ಸುಲಿನ್ ಸುರಿಯುವುದನ್ನು ತಡೆಯುವ ಆಕ್ಟ್ರಿಯೋಟೈಡ್. 2003ರಲ್ಲಿ ರಾಬರ್ಟ್ ಲಸ್ಟಿಗ್ ಮತ್ತು ಸಂಗಡಿಗರು ಇದನ್ನು ಆರು ತಿಂಗಳು ಮಕ್ಕಳಲ್ಲಿ ಪರೀಕ್ಷಿಸಿದರು. ಔಷಧಿ ಪಡೆದವರ ತೂಕ ಸರಾಸರಿ ಒಂದೂವರೆ ಕಿಲೋ ಏರಿದರೆ, ಹುಸಿ ಔಷಧಿ ಪಡೆದವರದು ಒಂಬತ್ತು ಕಿಲೋದಷ್ಟು ಏರಿತು. ಏರಿಕೆ ನಿಧಾನವಾಯಿತು, ಇಳಿಕೆ ಆಗಲಿಲ್ಲ. ಪಿತ್ತಕೋಶದ ಕಲ್ಲು ಈ ಔಷಧಿಯ ಒಂದು ಅಡ್ಡಪರಿಣಾಮ.

ಮೂರನೆಯದು ಈಗ ಎಲ್ಲರ ಬಾಯಲ್ಲಿರುವ ಜಿಎಲ್‌ಪಿ-1 ಗುಂಪು. 2025ರಲ್ಲಿ ಮೌಂಜಾರೊ, ವೆಗೋವಿ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ ಬಂದ ಮೇಲೆ ವಿದ್ಯಾರ್ಥಿಗಳೂ ಇವುಗಳ ಬಗ್ಗೆ ಕೇಳುತ್ತಾರೆ. ಈ ಗುಂಪಿನ ಮೊದಲ ಔಷಧಿ ಎಕ್ಸೆನಟೈಡ್. ಅಮೆರಿಕದ ಮರುಭೂಮಿಯಲ್ಲಿರುವ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ ಸಿಕ್ಕ ಅಣುವಿನಿಂದ ಅದು ಹುಟ್ಟಿತು. 2005ರಲ್ಲಿ ಸಕ್ಕರೆ ಕಾಯಿಲೆಗೆ ಬಳಕೆಗೆ ಬಂತು. ವಾರಕ್ಕೊಮ್ಮೆ ಕೊಡುವ ಎಕ್ಸೆನಟೈಡನ್ನು ಹೈಪೋಥಲಾಮಿಕ್ ಬೊಜ್ಜಿರುವ 10ರಿಂದ 25 ವರ್ಷದ 42 ಜನರಲ್ಲಿ 36 ವಾರ ಪರೀಕ್ಷಿಸಿದಾಗ ದೇಹದ ತೂಕದ ಸೂಚ್ಯಂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದೇ ಗುಂಪಿನ ಹೊಸ ಔಷಧಿ ಸೆಮಾಗ್ಲುಟೈಡ್‌ನಿಂದ ಕೆಲವು ರೋಗಿಗಳ ತೂಕ ಚೆನ್ನಾಗಿ ಇಳಿದ ಚಿಕ್ಕ ವರದಿಗಳಿವೆ. ಈ ಔಷಧಿಗಳು ಹೈಪೋಥಲಾಮಸ್ ಜೊತೆಗೆ ಮೆದುಳಿನ ಕಾಂಡದ ಮೇಲೂ ಕೆಲಸ ಮಾಡುತ್ತವೆ. ಕಾಂಡ ಸಾಮಾನ್ಯವಾಗಿ ಪೆಟ್ಟಿನಿಂದ ಪಾರಾಗಿರುತ್ತದೆ.

ನಾಲ್ಕನೆಯದು ಡೆನ್ಮಾರ್ಕಿನ ಪ್ರಯತ್ನ. ಟೆಸೊಫೆನ್ಸಿನ್ ಎಂಬ ಔಷಧಿ ಮೆದುಳಿನಲ್ಲಿ ಡೋಪಮಿನ್, ನಾರ್‌ಅಡ್ರಿನಲಿನ್, ಸೆರೊಟೋನಿನ್ ಮಟ್ಟ ಹೆಚ್ಚಿಸಿ ಹಸಿವು ತಗ್ಗಿಸುತ್ತದೆ. ಅದರಿಂದ ಎದೆಬಡಿತ ಏರದಂತೆ ಜೊತೆಗೆ ಮೆಟೊಪ್ರೊಲಾಲ್ ಕೊಟ್ಟರು. 21 ವಯಸ್ಕರಲ್ಲಿ 24 ವಾರ ನಡೆದ ಪರೀಕ್ಷೆಯಲ್ಲಿ ಹುಸಿ ಔಷಧಿಗೆ ಹೋಲಿಸಿದರೆ ತೂಕ ಸರಾಸರಿ ಶೇ. 6.3ರಷ್ಟು ಹೆಚ್ಚು ಇಳಿಯಿತು.

ತುಂಡಾದ ಜಾಗವನ್ನು ದಾಟಿ

ಇಲ್ಲಿಯವರೆಗಿನ ಔಷಧಿಗಳೆಲ್ಲ ಪರಿಣಾಮಗಳನ್ನು ತಡೆಯಲು ಹೊರಟವು. ಇನ್ನೊಂದು ದಾರಿ ಉಳಿದಿತ್ತು. ನಾಲ್ಕು ಹೆಜ್ಜೆಗಳನ್ನು ಮತ್ತೆ ನೋಡಿ. ಎರಡನೇ ಹೆಜ್ಜೆಯ ನರಕೋಶಗಳು ಸತ್ತಿರುವುದರಿಂದ ಮೂರನೇ ಹೆಜ್ಜೆಯ ಅಣುವೂ ಇಲ್ಲ. ಆದರೆ ನಾಲ್ಕನೇ ಹೆಜ್ಜೆಯ ಎಂಸಿ4 ಗ್ರಾಹಕಗಳು ಹೈಪೋಥಲಾಮಸ್‌ನ ಬೇರೆ ಭಾಗದಲ್ಲೂ ಮೆದುಳಿನ ಬೇರೆ ಕಡೆಗಳಲ್ಲೂ ಹರಡಿಕೊಂಡಿವೆ. ಅವುಗಳಲ್ಲಿ ಒಂದಷ್ಟಾದರೂ ಉಳಿದಿದ್ದರೆ, ಕೀಲಿಯನ್ನು ಹೊರಗಿನಿಂದಲೇ ತಂದುಕೊಡಬಹುದಲ್ಲವೇ?

ಆ ಕೀಲಿಯೇ ಸೆಟ್‌ಮೆಲನೋಟೈಡ್. ಆಲ್ಫಾ ಎಂಎಸ್‌ಎಚ್‌ನ ಕೆಲಸ ಮಾಡುವಂತೆ ತಯಾರಿಸಿದ ಚಿಕ್ಕ ಪೆಪ್ಟೈಡ್ ಇದು. ದಿನಕ್ಕೊಮ್ಮೆ ಚರ್ಮದ ಕೆಳಗೆ ಚುಚ್ಚಿಕೊಳ್ಳಬೇಕು. ಇದೇ ಗ್ರಾಹಕವನ್ನು ಗುರಿಯಾಗಿಟ್ಟ ಹಿಂದಿನ ಕೆಲವು ಅಣುಗಳು ರಕ್ತದೊತ್ತಡ ಏರಿಸಿದ್ದರಿಂದ ಕೈಬಿಡಬೇಕಾಗಿತ್ತು. ಇದರಲ್ಲಿ ಆ ತೊಂದರೆ ಕಾಣಲಿಲ್ಲ. 2020ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ ಒಪ್ಪಿಗೆ ಕೊಟ್ಟಿತು. ಆಗ ಕೊಟ್ಟದ್ದು ಇದೇ ದಾರಿಯಲ್ಲಿ ಹುಟ್ಟಿನಿಂದಲೇ ವಂಶವಾಹಿ ದೋಷವಿರುವ ಬೊಜ್ಜಿಗೆ. ಆಮೇಲೆ ಮೆದುಳಿಗೆ ಪೆಟ್ಟಾದವರಲ್ಲಿ ಪರೀಕ್ಷೆ ಶುರುವಾಯಿತು.

ಮೊದಲು 18 ರೋಗಿಗಳಲ್ಲಿ 16 ವಾರ ಕೊಟ್ಟು ನೋಡಿದರು. 16 ಮಂದಿಯಲ್ಲಿ ತೂಕದ ಸೂಚ್ಯಂಕ ಶೇ. 5ಕ್ಕಿಂತ ಹೆಚ್ಚು ಇಳಿಯಿತು. ನಂತರ 120 ರೋಗಿಗಳ ದೊಡ್ಡ ಪರೀಕ್ಷೆ ನಡೆಯಿತು. ಅವರಲ್ಲಿ ನಾಲ್ಕು ವರ್ಷದ ಮಕ್ಕಳಿಂದ ವಯಸ್ಕರವರೆಗೆ ಎಲ್ಲರೂ ಇದ್ದರು. ಮೂವರಲ್ಲಿ ಇಬ್ಬರಿಗೆ ಔಷಧಿ, ಒಬ್ಬರಿಗೆ ಹುಸಿ ಔಷಧಿ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಕೊಡುವ ವೈದ್ಯರಿಗೂ ಗೊತ್ತಿಲ್ಲ. 2025ರ ಏಪ್ರಿಲಿನಲ್ಲಿ ಫಲಿತಾಂಶ ಹೊರಬಂತು. 52 ವಾರಗಳಲ್ಲಿ ಔಷಧಿ ಪಡೆದವರ ಸೂಚ್ಯಂಕ ಸರಾಸರಿ ಶೇ. 16.5 ಇಳಿದಿತ್ತು. ಹುಸಿ ಔಷಧಿ ಪಡೆದವರದು ಶೇ. 3.3 ಏರಿತ್ತು.

ಈ ಅಂಕಿಗಳನ್ನು ಓದುವುದು ಹೇಗೆ?

ದೇಹದ ತೂಕದ ಸೂಚ್ಯಂಕ ಅಂದರೆ ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದ ಸಂಖ್ಯೆ. ತೂಕವನ್ನೇ ನೇರವಾಗಿ ಏಕೆ ಅಳೆಯಲಿಲ್ಲ? ಮಕ್ಕಳು ಬೆಳೆಯುತ್ತಿರುತ್ತಾರೆ. ವರ್ಷದಲ್ಲಿ ಐದು ಸೆಂಟಿಮೀಟರ್ ಎತ್ತರವಾದ ಮಗುವಿನ ತೂಕ ಏರದಿದ್ದರೆ ಅದೂ ಸುಧಾರಣೆಯೇ. ಸೂಚ್ಯಂಕ ಅದನ್ನು ತೋರಿಸುತ್ತದೆ, ಕಿಲೋ ತೋರಿಸುವುದಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. 160 ಸೆಂಟಿಮೀಟರ್ ಎತ್ತರದ ವಯಸ್ಕರೊಬ್ಬರ ಸೂಚ್ಯಂಕ 40 ಎಂದರೆ ಅವರ ತೂಕ 102.4 ಕಿಲೋ. ಶೇ. 16.5 ಇಳಿದರೆ ಸೂಚ್ಯಂಕ 33.4, ತೂಕ ಸುಮಾರು 85.5 ಕಿಲೋ. ಶೇ. 3.3 ಏರಿದರೆ ಸೂಚ್ಯಂಕ 41.3, ತೂಕ ಸುಮಾರು 105.8 ಕಿಲೋ. ಒಂದೇ ಜಾಗದಿಂದ ಹೊರಟ ಇಬ್ಬರ ನಡುವೆ ವರ್ಷದ ಕೊನೆಗೆ ಇಪ್ಪತ್ತು ಕಿಲೋ ಅಂತರ. ಹೋಲಿಕೆಗೆ ಇನ್ನೊಂದು ಗುಂಪು ಇಲ್ಲದಿದ್ದರೆ ಔಷಧಿ ತಡೆದ ಏರಿಕೆ ನಮ್ಮ ಲೆಕ್ಕಕ್ಕೇ ಬರುತ್ತಿರಲಿಲ್ಲ. ಆದರೆ ಇದು ಸರಾಸರಿ ಎಂಬುದನ್ನು ಮರೆಯಬಾರದು. ಕೆಲವರಲ್ಲಿ ಇದಕ್ಕಿಂತ ಹೆಚ್ಚು ಇಳಿಯುತ್ತದೆ, ಕೆಲವರಲ್ಲಿ ಕಡಿಮೆ. ಸೂಚ್ಯಂಕ 33.4 ಎಂದರೂ ಅದು ಬೊಜ್ಜೇ. ಔಷಧಿ ಪವಾಡವೇನಲ್ಲ, ಆದರೆ ದಿನವಿಡೀ ಹಸಿವಿನೊಂದಿಗೆ ಹೋರಾಡುವವರಿಗೆ ಆ ಹಸಿವು ತಗ್ಗುವುದೇ ದೊಡ್ಡ ಬಿಡುಗಡೆ.

ಅಡ್ಡಪರಿಣಾಮಗಳಲ್ಲಿ ವಾಕರಿಕೆ, ವಾಂತಿ, ತಲೆನೋವು, ಚುಚ್ಚಿದ ಜಾಗದಲ್ಲಿ ಕೆಂಪಾಗುವುದು ಮುಖ್ಯವಾದವು. ಇನ್ನೊಂದನ್ನು ನೀವೇ ಊಹಿಸಬಲ್ಲಿರಿ. ಎಂಎಸ್‌ಎಚ್‌ನ ಕೀಲಿ ಚರ್ಮದ ಎಂಸಿ1 ಬೀಗಕ್ಕೂ ಸ್ವಲ್ಪಮಟ್ಟಿಗೆ ಹೊಂದುತ್ತದೆ. ಹಾಗಾಗಿ ಔಷಧಿ ಪಡೆದವರ ಚರ್ಮ ಕಪ್ಪಾಗುತ್ತದೆ, ಮಚ್ಚೆಗಳು ಗಾಢವಾಗುತ್ತವೆ. ಪಠ್ಯದಲ್ಲಿ ಒಂದು ಸಾಲಾಗಿ ಓದಿದ್ದು ರೋಗಿಯ ಮೈಮೇಲೆ ಕಾಣುವ ಬಗೆ ಇದು.

ಮಿತಿಗಳೂ ಇವೆ. ಸತ್ತ ನರಕೋಶಗಳನ್ನು ಈ ಔಷಧಿ ಬದುಕಿಸುವುದಿಲ್ಲ. ವಂಶವಾಹಿ ದೋಷದ ಬೊಜ್ಜಿನಲ್ಲಿ ಔಷಧಿ ನಿಲ್ಲಿಸಿದಾಗ ಹಸಿವೂ ತೂಕವೂ ಮರಳಿದ್ದನ್ನು ಕಂಡಿದ್ದಾರೆ. ಆದ್ದರಿಂದ ಇದು ದೀರ್ಘಕಾಲದ ಚಿಕಿತ್ಸೆ. ಬೆಲೆಯೋ, ಅಮೆರಿಕದಲ್ಲಿ ವರ್ಷಕ್ಕೆ ಲಕ್ಷಾಂತರ ಡಾಲರ್. ಕಾಯಿಲೆ ಅಪರೂಪವಾದಷ್ಟೂ ಕೊಳ್ಳುವವರು ಕಡಿಮೆ, ಸಂಶೋಧನೆಯ ಖರ್ಚು ಕೆಲವರ ಮೇಲೇ ಬೀಳುತ್ತದೆ. ಬಡ ದೇಶದ ಮಗುವಿಗೆ ಇದು ತಲುಪುವುದು ಹೇಗೆ ಎಂಬ ಪ್ರಶ್ನೆ ಜೀವಶಾಸ್ತ್ರದಿಂದ ಬಗೆಹರಿಯುವಂಥದ್ದಲ್ಲ. ವಾಣಿಜ್ಯ ವಿಭಾಗದವರೂ ಇದರ ಬಗ್ಗೆ ಯೋಚಿಸಬೇಕು.

ಪೆಟ್ಟಾಗದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಇಂದು ಅನೇಕ ಶಸ್ತ್ರಚಿಕಿತ್ಸಕರು ಹೈಪೋಥಲಾಮಸ್‌ಗೆ ಅಂಟಿಕೊಂಡ ಗಡ್ಡೆಯನ್ನು ಪೂರ್ತಿ ಕಿತ್ತು ತೆಗೆಯುವ ಹಟ ಮಾಡುವುದಿಲ್ಲ. ಸ್ವಲ್ಪ ಭಾಗ ಬಿಟ್ಟು ಅದಕ್ಕೆ ವಿಕಿರಣ ಕೊಡುತ್ತಾರೆ. ವಯಸ್ಕರಲ್ಲಿ ಕಾಣುವ ಒಂದು ಬಗೆಯ ಕ್ರೇನಿಯೋಫ್ಯಾರಿಂಜಿಯೋಮದಲ್ಲಿ ಮಾತ್ರೆಗಳಿಂದಲೇ ಗಡ್ಡೆ ಕುಗ್ಗಿದೆ: 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವೆಮುರಾಫೆನಿಬ್ ಮತ್ತು ಕೋಬಿಮೆಟಿನಿಬ್ ಪಡೆದ 16 ರೋಗಿಗಳಲ್ಲಿ 15 ಮಂದಿಗೆ ಗುಣ ಕಂಡಿತು.

ನಾವು ತಿಳಿದಿರಬೇಕಾದದ್ದು

"ಮೇಡಂ, ಹಾಗಾದ್ರೆ ದಪ್ಪ ಇರೋರೆಲ್ಲ ಹೈಪೋಥಲಾಮಸ್ ಹಾಳಾದೋರಾ?" ಎಂದು ತರಗತಿಯಲ್ಲಿ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಇಲ್ಲ. ಸಾಮಾನ್ಯ ಬೊಜ್ಜಿಗೆ ಆಹಾರ, ಓಡಾಟ, ನಿದ್ದೆ, ವಂಶವಾಹಿ, ಸುತ್ತಲಿನ ಪರಿಸರ ಎಲ್ಲವೂ ಕಾರಣ. ಹೈಪೋಥಲಾಮಿಕ್ ಬೊಜ್ಜು ಬಹಳ ಅಪರೂಪ. ಹಾಗಿದ್ದರೂ ಕೆಲವು ಲಕ್ಷಣಗಳು ಒಟ್ಟಿಗೆ ಕಂಡರೆ ತಡಮಾಡಬಾರದು: ಬೆಳಿಗ್ಗೆ ಏಳುವಾಗಲೇ ತಲೆನೋವು ಮತ್ತು ವಾಂತಿ, ಎರಡೂ ಪಕ್ಕಗಳ ನೋಟ ಕುಂದುವುದು, ವಿಪರೀತ ಬಾಯಾರಿಕೆ ಮತ್ತು ಮೂತ್ರ, ಎತ್ತರ ಬೆಳೆಯುವುದು ನಿಂತು ತೂಕ ಮಾತ್ರ ಏರುವುದು. ಇವು ಕಂಡರೆ ಮೊದಲು ಹತ್ತಿರದ ವೈದ್ಯರಿಗೆ ತೋರಿಸಿ. ಅಗತ್ಯವಿದ್ದರೆ ಅವರು ಬೆಂಗಳೂರಿನ ನಿಮ್ಹಾನ್ಸ್‌ನಂಥ ಮೆದುಳು ಮತ್ತು ನರರೋಗ ಆಸ್ಪತ್ರೆಗೆ ಕಳಿಸುತ್ತಾರೆ. ಇನ್ನು ಬೈಕ್ ಹತ್ತುವ ನಮ್ಮ ಹುಡುಗರಿಗೆ ಒಂದು ಮಾತು: ಹೆಲ್ಮೆಟ್ ಪೊಲೀಸರಿಗೆ ತೋರಿಸಲು ಇರುವುದಲ್ಲ.

ರಮಝಾನ್ ಉಪವಾಸದ ಬಗ್ಗೆಯೂ ಕೇಳುತ್ತಾರೆ. ಆರೋಗ್ಯವಂತರು ಉಪವಾಸ ಹಿಡಿದಾಗ ಮೇಲೆ ಹೇಳಿದ ನಾಲ್ಕು ಹೆಜ್ಜೆಗಳು ಸರಿಯಾಗಿ ನಡೆಯುತ್ತವೆ. ಇಫ್ತಾರಿನಲ್ಲಿ ಹೊಟ್ಟೆ ತುಂಬಿದೊಡನೆ ಸಾಕು ಅನ್ನಿಸುತ್ತದೆ. ಹೊಟ್ಟೆಯಲ್ಲಿ ಊಟಕ್ಕೂ ನೀರಿಗೂ ಉಸಿರಿಗೂ ಜಾಗವಿರಲಿ ಎಂಬ ಪ್ರವಾದಿ(ಸ)ಯವರ ಬೋಧನೆಯನ್ನು ನಾವು ಪಾಲಿಸಲು ಸಾಧ್ಯವಾಗುವುದು ಸಾಕು ಎನ್ನುವ ಆ ಸೂಚನೆ ಸಿಗುವುದರಿಂದ. ಹೈಪೋಥಲಾಮಸ್‌ಗೆ ಪೆಟ್ಟಾದವರಿಗೆ ಆ ಸೂಚನೆಯೇ ಬರುವುದಿಲ್ಲ. ಅಲ್ಲದೆ ಹೈಡ್ರೋಕಾರ್ಟಿಸೋನ್, ಡೆಸ್ಮೋಪ್ರೆಸಿನ್ ತೆಗೆದುಕೊಳ್ಳುವವರು ಹೊತ್ತಿಗೆ ಸರಿಯಾಗಿ ಮಾತ್ರೆಯನ್ನೂ ನೀರನ್ನೂ ತಪ್ಪಿಸುವಂತಿಲ್ಲ. ಕಾಯಿಲೆಯವರಿಗೆ ಕುರ್‌ಆನ್ ಕೊಟ್ಟಿರುವ ರಿಯಾಯಿತಿ ಇಂಥವರಿಗೇ. ಉಪವಾಸ ಹಿಡಿಯಬಹುದೇ ಎಂದು ಮೊದಲು ವೈದ್ಯರನ್ನು ಕೇಳಬೇಕು. ಉಪವಾಸವಿಲ್ಲದೆ ಕುಳಿತ ಸಹಪಾಠಿಯನ್ನು "ಯಾಕೆ ಹಿಡಿದಿಲ್ಲ?" ಎಂದು ಎಲ್ಲರೆದುರು ಕೇಳುವ ಹಕ್ಕು ನಮಗಿಲ್ಲ.

ಸೂರಃ ಅಲ್ ಹುಜುರಾತ್ ಒಬ್ಬರು ಇನ್ನೊಬ್ಬರನ್ನು ಗೇಲಿ ಮಾಡುವುದನ್ನೂ ಕೆಟ್ಟ ಅಡ್ಡಹೆಸರಿನಿಂದ ಕರೆಯುವುದನ್ನೂ ತಡೆದಿದೆ. ಗೇಲಿಗೊಳಗಾದವರೇ ಗೇಲಿ ಮಾಡಿದವರಿಗಿಂತ ಉತ್ತಮರಿರಬಹುದು ಎಂದೂ ಅಲ್ಲಿ ಎಚ್ಚರಿಸಲಾಗಿದೆ. ಜೀವಶಾಸ್ತ್ರ ಕಲಿಯುವವರಿಗೆ ಈ ಮಾತು ಇನ್ನೂ ಚೆನ್ನಾಗಿ ಅರ್ಥವಾಗಬೇಕು. ಒಬ್ಬರ ತೂಕ ನೋಡಿ ಅವರ ತಟ್ಟೆಯನ್ನೂ, ಮನಸ್ಸಿನ ಗಟ್ಟಿತನವನ್ನೂ, ಅವರ ತಾಯಿಯ ಸಾಕಣೆಯನ್ನೂ ಅಳೆಯಲು ಬರುವುದಿಲ್ಲ. ಹೊಟ್ಟೆ ತುಂಬಿತು ಎಂಬ ಸುದ್ದಿ ನಮಗೆ ದಿನಕ್ಕೆ ಮೂರು ಹೊತ್ತು ತಾನಾಗಿ ಸಿಗುತ್ತದೆ. ಅದನ್ನು ನಾವು ದುಡಿದು ಸಂಪಾದಿಸಿದ್ದಲ್ಲ.

ನಿಮ್ಮಲ್ಲಿ ಕೆಲವರು ಮುಂದೆ ವೈದ್ಯಕೀಯ, ಫಾರ್ಮಸಿ, ನರ್ಸಿಂಗ್ ಓದಲಿದ್ದೀರಿ. ಔಷಧಿಯೊಂದರ ಹೆಸರು ಕೇಳಿದಾಗ ಅದು ದಾರಿಯ ಯಾವ ಹೆಜ್ಜೆಯಲ್ಲಿ ಕೆಲಸ ಮಾಡುತ್ತದೆ, ರೋಗಿಯಲ್ಲಿ ದಾರಿ ತುಂಡಾಗಿರುವುದು ಅದಕ್ಕಿಂತ ಮೊದಲೋ ಆಮೇಲೋ ಎಂದು ಕೇಳಿಕೊಳ್ಳುವ ಅಭ್ಯಾಸ ಮಾಡಿ. ಲೆಪ್ಟಿನ್ ಏಕೆ ಸೋತಿತು, ಸೆಟ್‌ಮೆಲನೋಟೈಡ್ ಏಕೆ ಗೆದ್ದಿತು ಎಂಬುದಕ್ಕೆ ಆ ಪ್ರಶ್ನೆಯಲ್ಲೇ ಉತ್ತರವಿದೆ. ವಿಷಯದ ಬಗ್ಗೆ ಸಂದೇಹವಿದ್ದರೆ ಬಿಡುವಿನ ವೇಳೆಯಲ್ಲಿ ಜೀವಶಾಸ್ತ್ರ ಪ್ರಯೋಗಾಲಯಕ್ಕೆ ಬನ್ನಿ. ಮೆದುಳಿನ ಮಾದರಿ ಮೇಜಿನ ಮೇಲೇ ಇದೆ. ಆ ಬಾದಾಮಿಯಷ್ಟು ಜಾಗ ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತೇನೆ.